"ವಯಸ್ಸೇ ಕಾರಣವೇ?" ಅಂತ ಕೆಂಪು ಶಾಯಿ ಬಿದ್ದಿದೆ, ಯಾರಾದ್ರೂ ಬಿಡಿಸಿ ಹೇಳ್ತೀರಾ?

ಮೂರನೇ ಬೆಂಚು:
ಮನೋವಿಜ್ಞಾನ ಎರಡನೇ ವರ್ಷ. ವಿಕಾಸ ಮನೋವಿಜ್ಞಾನದ ಪೇಪರಿಗೆ ಒಂದು ಸಣ್ಣ ಪ್ರಾಜೆಕ್ಟ್ ಮಾಡಬೇಕು. ನಾನು ಬರೆದು ಕೊಟ್ಟಿದ್ದು ಇಷ್ಟು: 4, 6, 8 ವರ್ಷದ ತಲಾ 10 ಮಕ್ಕಳು. ಮುಂದೆ ಒಂದು ಸ್ಟಿಕರ್ ಇಟ್ಟು, "ನಾನು ವಾಪಸ್ ಬರೋವರೆಗೆ ಮುಟ್ಟದೆ ಕೂತಿದ್ರೆ ಎರಡು ಕೊಡ್ತೀನಿ" ಅಂತ ಹೇಳಿ ಆಚೆ ಹೋಗೋದು. ಎಷ್ಟು ಹೊತ್ತು ಕಾಯ್ತಾರೆ ಅಂತ ಅಳೆಯೋದು. ದೊಡ್ಡವರು ಜಾಸ್ತಿ ಕಾಯ್ತಾರೆ ಅನ್ನೋದು ನನ್ನ ಅಂದಾಜು, ಹಾಗಾಗಿ "ವಯಸ್ಸಿನ ಕಾರಣದಿಂದ ತಾಳ್ಮೆ ಹೆಚ್ಚುತ್ತದೆ" ಅಂತ ಪ್ರಾಕ್ಕಲ್ಪನೆ ಬರೆದೆ.

ಹಾಳೆ ವಾಪಸ್ ಬಂತು. "ಕಾರಣದಿಂದ" ಅನ್ನೋ ಪದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಪಕ್ಕದಲ್ಲಿ "ವಯಸ್ಸೇ ಕಾರಣವೇ?" ಅಂತ ಬರೆದಿದ್ದಾರೆ. ಬೇರೇನೂ ಇಲ್ಲ. ಕೇಳೋಣ ಅಂದ್ರೆ ಮೇಡಂ ಒಂದು ವಾರ ರಜೆ.

ಇನ್ನೊಂದು. ಬೆಳವಣಿಗೆ, ವಿಕಾಸ, ಪಕ್ವತೆ, ಮೂರಕ್ಕೂ ನೋಟ್ಸಲ್ಲಿ ಒಂದೊಂದು ಸಾಲಿನ ವ್ಯಾಖ್ಯೆ ಇದೆ. ಬಾಯಿಪಾಠ ಆಗಿದೆ, ತಲೆಗೆ ಇಳಿದಿಲ್ಲ.

ಚಾಕ್‌ಪುಡಿ:
ನಿಮ್ಮ ಮೇಡಂ ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಾರೆ. ಇದೇ ವಿಷಯ ಪಾಠ ಮಾಡಿ ನಿವೃತ್ತನಾದವನು ನಾನು, ಎರಡು ಪ್ರಶ್ನೆಗೂ ಒಂದೇ ಉದಾಹರಣೆಯಲ್ಲಿ ಉತ್ತರ ಹೇಳ್ತೀನಿ.

ಹುಟ್ಟಿದ ಕೂಸನ್ನು ಕಂಕುಳಿಗೆ ಕೈಕೊಟ್ಟು ಎತ್ತಿ, ಅಂಗಾಲು ಮೇಜಿಗೆ ತಾಗುವ ಹಾಗೆ ಹಿಡಿದರೆ ಅದು ಒಂದರ ಹಿಂದೊಂದು ಕಾಲೆತ್ತಿ ಹೆಜ್ಜೆ ಹಾಕುತ್ತದೆ. ಎರಡು ತಿಂಗಳ ಹೊತ್ತಿಗೆ ಆ ಹೆಜ್ಜೆ ಮಾಯ. ಆಮೇಲೆ ವರ್ಷದ ಆಸುಪಾಸಿನಲ್ಲಿ ನಿಜವಾದ ನಡಿಗೆ. ನಡುವೆ ಯಾಕೆ ಮಾಯವಾಯಿತು? ಬಹಳ ಕಾಲ ಕೊಟ್ಟ ಉತ್ತರ: ಮೆದುಳು ಪಕ್ವವಾಗುತ್ತಾ ಆ ರಿಫ್ಲೆಕ್ಸನ್ನು, ಅಂದರೆ ಯೋಚಿಸದೆ ತಾನಾಗಿ ಆಗುವ ಚಲನೆಯನ್ನು, ಅದುಮಿಬಿಡುತ್ತದೆ. ಎರಡು ತಿಂಗಳಾಯಿತು, ಹೋಯಿತು, ಅಷ್ಟೇ.

ಎಸ್ತರ್ ಥೆಲೆನ್ ಎಂಬ ಮನೋವಿಜ್ಞಾನಿಗೆ ಇದು ಒಪ್ಪಿಗೆಯಾಗಲಿಲ್ಲ. ಹೆಜ್ಜೆ ಹಾಕುವುದನ್ನು ಬಿಟ್ಟ ಅದೇ ಮಗು ಅಂಗಾತ ಮಲಗಿಸಿದರೆ ಹೆಚ್ಚುಕಡಿಮೆ ಅದೇ ಲಯದಲ್ಲಿ ಕಾಲು ಬಡಿಯುತ್ತಿತ್ತು. ಮೆದುಳು ಅದುಮಿದ್ದೇ ಆದರೆ ಮಲಗಿದಾಗ ಮಾತ್ರ ಯಾಕೆ ಬಿಡುತ್ತದೆ? 1984ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆಕೆ ಮತ್ತು ಜೊತೆಯವರು ಮಕ್ಕಳನ್ನು ಎದೆಮಟ್ಟದ ನೀರಿನಲ್ಲಿ ನಿಲ್ಲಿಸಿ ಹಿಡಿದರು. ಹೆಜ್ಜೆಗಳು ಹೆಚ್ಚಾದವು! ಇನ್ನೂ ಚೆನ್ನಾಗಿ ಹೆಜ್ಜೆ ಹಾಕುತ್ತಿದ್ದ ಮಕ್ಕಳ ಕಾಲಿಗೆ ಸಣ್ಣ ತೂಕ ಕಟ್ಟಿದರು. ಹೆಜ್ಜೆ ಕಡಿಮೆಯಾದವು. ಆ ವಾರಗಳಲ್ಲಿ ಮಗುವಿನ ತೊಡೆಗೆ ಕೊಬ್ಬು ಬೇಗ ಬೇಗ ತುಂಬುತ್ತದೆ, ಸ್ನಾಯುವಿನ ಬಲ ಅಷ್ಟು ಬೇಗ ಬರುವುದಿಲ್ಲ. ಕಾಲು ಭಾರ, ಎತ್ತಲಾಗುವುದಿಲ್ಲ.

ಈಗ ನಿಮ್ಮ ಮೂರು ಪದ. ತೊಡೆ ದಪ್ಪವಾದದ್ದು ಬೆಳವಣಿಗೆ: ತಕ್ಕಡಿ, ಟೇಪು ಹಿಡಿದು ಅಳೆಯಬಹುದು. ನರಮಂಡಲ ಹೊರಗಿನ ಕಲಿಕೆಗೆ ಹೆಚ್ಚು ಕಾಯದೆ ತನ್ನ ಪಾಡಿಗೆ ಹದಕ್ಕೆ ಬರುವುದು ಪಕ್ವತೆ. ಇದ್ದ ಹೆಜ್ಜೆ ಹೋಗಿ, ಮತ್ತೆ ಬೇರೆ ರೂಪದಲ್ಲಿ ಬಂದು, ಕೊನೆಗೆ ಮಗು ತಾನಾಗಿ ಬಾಗಿಲ ಕಡೆ ನಡೆಯುವ ಆ ಇಡೀ ಕಥೆ ವಿಕಾಸ. "ಎರಡು ತಿಂಗಳು" ಅನ್ನುವುದು ಆ ಕಥೆಯಲ್ಲಿ ಪುಟಸಂಖ್ಯೆ. ಪುಟಸಂಖ್ಯೆ ಕಥೆಯನ್ನು ಮುಂದಕ್ಕೆ ನಡೆಸುತ್ತದೆಯೇ?

ಮೂರನೇ ಬೆಂಚು:
ಅಬ್ಬಾ. ನೋಟ್ಸಲ್ಲಿ ಇದು "ಹೆಜ್ಜೆ ರಿಫ್ಲೆಕ್ಸ್, 2 ತಿಂಗಳಿಗೆ ಮರೆಯಾಗುತ್ತದೆ" ಅಂತ ಅರ್ಧ ಸಾಲಿದೆ ಸರ್. ಹಾಗಾದ್ರೆ ನನ್ನ 4, 6, 8ರ ನಡುವೆ ಬದಲಾಗ್ತಿರೋದು ಏನು ಅಂತ ನಾನು ಹೇಳ್ಬೇಕಾ?

ಸರಾಸರಿ ಮನುಷ್ಯ:
ಅದಕ್ಕೂ ಮುಂಚೆ ಇನ್ನೊಂದು ತಾಪತ್ರಯ ಇದೆ. ನಿಮ್ಮ 4 ವರ್ಷದವರೂ 8 ವರ್ಷದವರೂ ಬೇರೆ ಬೇರೆ ಮಕ್ಕಳು. ಯಾರೊಬ್ಬರೂ ನಿಮ್ಮ ಕಣ್ಣೆದುರು ಬದಲಾಗಿಲ್ಲ. ಮೂರು ಗುಂಪಿನ ಫೋಟೋ ಪಕ್ಕಪಕ್ಕ ಇಟ್ಟು ಅದನ್ನೇ ವಿಡಿಯೊ ಅಂತಿದ್ದೀರಿ. ಇದು ಕ್ರಾಸ್ ಸೆಕ್ಷನಲ್, ಪುಸ್ತಕದ ಕನ್ನಡದಲ್ಲಿ ಅಡ್ಡಛೇದ ಅಧ್ಯಯನ. ತಪ್ಪಲ್ಲ. ಬೇಗ ಮುಗಿಯುತ್ತೆ, ಖರ್ಚು ಕಡಿಮೆ. ಆದರೆ ವಯಸ್ಸಿನ ವ್ಯತ್ಯಾಸದ ಜೊತೆ ಹುಟ್ಟಿದ ಕಾಲದ ವ್ಯತ್ಯಾಸವೂ ಸೇರಿಕೊಂಡಿರುತ್ತೆ. ಅದಕ್ಕೆ ಕೊಹಾರ್ಟ್ ಪರಿಣಾಮ ಅಂತಾರೆ.

4 ವರ್ಷಕ್ಕೂ 8 ವರ್ಷಕ್ಕೂ ಅಂಥಾ ದೊಡ್ಡ ಅಂತರ ಇರಲಿಕ್ಕಿಲ್ಲ ಅನ್ನಿ. ವಯಸ್ಕರಲ್ಲಿ ನೋಡಿ. ಕೆ. ವಾರ್ನರ್ ಶೈ 1956ರಲ್ಲಿ ಸಿಯಾಟಲ್‌ನಲ್ಲಿ ಸುಮಾರು 500 ಜನರ ಬೌದ್ಧಿಕ ಸಾಮರ್ಥ್ಯ ಅಳೆದರು, ಇಪ್ಪತ್ತರ ಹರೆಯದವರಿಂದ ಅರವತ್ತು ದಾಟಿದವರವರೆಗೆ. ಒಂದೇ ಸಲದ ಅಳತೆಯಲ್ಲಿ ಗ್ರಾಫ್ ಯೌವನ ಕಳೆಯುತ್ತಿದ್ದ ಹಾಗೇ ಇಳಿಜಾರು. ಅಯ್ಯೋ ಮೂವತ್ತಕ್ಕೇ ಬುದ್ಧಿ ಮಂಕು ಅನ್ನೋ ಹಾಗೆ. ಅವರು ಅಲ್ಲಿಗೇ ಬಿಡಲಿಲ್ಲ. 7 ವರ್ಷಕ್ಕೊಮ್ಮೆ ಅದೇ ಜನರನ್ನು ಕರೆಸಿ ಮತ್ತೆ ಅಳೆದರು, ಪ್ರತಿ ಸಲ ಹೊಸಬರ ಗುಂಪನ್ನೂ ಸೇರಿಸಿಕೊಂಡರು. ಒಬ್ಬೊಬ್ಬರನ್ನೇ ಹಿಂಬಾಲಿಸಿದಾಗ ಹೆಚ್ಚಿನ ಸಾಮರ್ಥ್ಯಗಳು ನಡುವಯಸ್ಸಿನವರೆಗೆ ಏರಿದವು ಇಲ್ಲವೇ ನಿಂತಲ್ಲೇ ನಿಂತವು, ಸ್ಪಷ್ಟವಾದ ಇಳಿತ ಬಂದದ್ದು ಅರವತ್ತರ ನಂತರ. ಮೊದಲ ಗ್ರಾಫ್ ಅಷ್ಟು ಬೇಗ ಇಳಿದದ್ದಕ್ಕೆ ಒಂದು ದೊಡ್ಡ ಕಾರಣ, ಹಿರಿಯರು ಬೆಳೆದ ಕಾಲವೇ ಬೇರೆ: ಶಾಲೆಯಲ್ಲಿ ಕಳೆದ ವರ್ಷ ಕಡಿಮೆ, ಆರೋಗ್ಯದ ಸೌಲಭ್ಯ ಕಡಿಮೆ.

ಒಂದೇ ಊರು, ಒಂದೇ ಪರೀಕ್ಷೆ. ಅಳೆಯೋ ರೀತಿ ಬದಲಾದಾಗ ಉತ್ತರವೂ ಬದಲಾಯಿತು.

ಅಡ್ಡಪ್ರಶ್ನೆ:
ಹಾಗಾದ್ರೆ ಎಲ್ಲರೂ ಲಾಂಜಿಟ್ಯೂಡಿನಲ್, ಅಂದ್ರೆ ಅದೇ ಜನರನ್ನ ವರ್ಷಗಟ್ಟಲೆ ಹಿಂಬಾಲಿಸೋ ಅಧ್ಯಯನ ಮಾಡಿಬಿಡಲಿ, ಮುಗೀತಲ್ಲ?

ಸರಾಸರಿ ಮನುಷ್ಯ:
ಮುಗಿಯಲ್ಲ ಸ್ವಾಮಿ. 20 ವರ್ಷ ಹಿಂಬಾಲಿಸಿದರೆ ಜನ ಕಳಚಿಕೊಳ್ತಾರೆ. ಯಾರು ಕಳಚಿಕೊಳ್ತಾರೆ ಅನ್ನೋದೇ ಸಮಸ್ಯೆ: ಸಾಮಾನ್ಯವಾಗಿ ಕಾಯಿಲೆ ಬಿದ್ದವರು, ಕಷ್ಟದಲ್ಲಿರುವವರು, ಮನೆ ಬದಲಿಸಿದವರು. ಉಳಿದವರು ಗಟ್ಟಿಗರು. ಕೊನೆಯಲ್ಲಿ ಸರಾಸರಿ ಏರಿದರೆ ಅದು ಏರಿದ್ದೋ, ದುರ್ಬಲರು ಬಿಟ್ಟುಹೋದದ್ದೋ? ಮೇಲಾಗಿ ಅದೇ ಪರೀಕ್ಷೆ ಮೂರನೇ ಸಲ ಬರೆದವರಿಗೆ ರೂಢಿಯಿಂದಲೇ ಅಂಕ ಹೆಚ್ಚು ಬರುತ್ತೆ. ಒಂದೇ ಕೊಹಾರ್ಟ್, ಅಂದ್ರೆ ಒಂದೇ ಕಾಲದಲ್ಲಿ ಹುಟ್ಟಿದವರ ಗುಂಪು ಹಿಡಿದರೆ ಅವರ ಕಾಲದ ಕಥೆಯನ್ನೇ ಮನುಷ್ಯಕುಲದ ಕಥೆ ಅಂದುಕೊಳ್ಳೋ ಅಪಾಯ ಬೇರೆ.

ಜನರನ್ನು ಉಳಿಸಿಕೊಳ್ಳೋದರಲ್ಲಿ ನ್ಯೂಜಿಲೆಂಡಿನ ಡನೀಡಿನ್ ಅಧ್ಯಯನಕ್ಕೆ ಕೈ ಮುಗಿಯಬೇಕು. 1972-73ರಲ್ಲಿ ಹುಟ್ಟಿದ 1,037 ಮಕ್ಕಳು. 45ನೇ ವಯಸ್ಸಿನ ಸುತ್ತಿನಲ್ಲಿ ಬದುಕಿದ್ದ 997 ಜನರಲ್ಲಿ 938 ಜನ ಬಂದರು, ಅಂದ್ರೆ ಶೇ. 94. ಬೇರೆ ದೇಶದಲ್ಲಿ ನೆಲೆಸಿದವರನ್ನೂ ವಿಮಾನದ ಟಿಕೆಟ್ ಕೊಟ್ಟು ಕರೆಸ್ತಾರೆ. ನನ್ನ ಎಂಟು ವಾರದ ಸರ್ವೆಯಲ್ಲಿ ಮೂರನೇ ವಾರಕ್ಕೇ ಅರ್ಧ ಜನ ಫೋನ್ ಎತ್ತೋದು ಬಿಟ್ಟಿದ್ರು, ಆ ಮಾತು ಬೇಡ ಬಿಡಿ.

ಎರಡರ ನಡುವಿನ ದಾರಿ ಸೀಕ್ವೆನ್ಷಿಯಲ್ ವಿನ್ಯಾಸ. 4 ವರ್ಷದ ಒಂದು ಗುಂಪು, 6 ವರ್ಷದ ಒಂದು ಗುಂಪು, ಎರಡನ್ನೂ ಎರಡೆರಡು ವರ್ಷ ಹಿಂಬಾಲಿಸಿ. ಎರಡೇ ವರ್ಷದಲ್ಲಿ 4ರಿಂದ 8ರವರೆಗಿನ ಹರವು ಸಿಕ್ಕಿತು. ಮೊದಲ ಗುಂಪು 6ಕ್ಕೆ ಬಂದಾಗಿನ ಅಂಕ, ಎರಡನೇ ಗುಂಪು 6ರಲ್ಲಿ ಶುರುಮಾಡಿದಾಗಿನ ಅಂಕ ಎರಡೂ ತಾಳೆಯಾದರೆ ಕೊಹಾರ್ಟ್ ಅಷ್ಟು ಕಾಟ ಕೊಟ್ಟಿಲ್ಲ ಅಂತ ಲೆಕ್ಕ. ತಾಳೆಯಾಗದಿದ್ರೆ ತಲೆನೋವು.

ನಿದ್ದೆಗೆಟ್ಟ ತಾಯಿ:
ನಾನು ವಿದ್ಯಾರ್ಥಿ ಅಲ್ಲ, ಹುಡುಕ್ತಾ ಇಲ್ಲಿಗೆ ಬಂದೆ. ನಡಿಗೆ ಮಾತು ಬಂತಲ್ಲ, ಕೇಳಿಬಿಡ್ತೀನಿ. ನನ್ನ ಮಗಳಿಗೆ 11 ತಿಂಗಳು. ಅಂಬೆಗಾಲು ಇಡೋದೇ ಇಲ್ಲ, ಕೂತಲ್ಲೇ ಕುಂಡೆ ಜಾರಿಸಿಕೊಂಡು ಮನೆಯೆಲ್ಲ ಓಡಾಡ್ತಾಳೆ. ಗೋಡೆಗೆ ಅಂಟಿಸಿರೋ ಚಾರ್ಟಲ್ಲಿ 9 ತಿಂಗಳಿಗೆ ಅಂಬೆಗಾಲು ಅಂತಿದೆ. ಹಂತ ತಪ್ಪಿದ್ರೆ ಮುಂದೆ ಕಲಿಕೆಗೆ ತೊಂದರೆ ಅಂತ ಒಬ್ಬರು ಹೆದರಿಸಿದ್ರು.

ಕಣ್ಣೋಟ:
ಅಕ್ಕಾ, ಚಾರ್ಟಲ್ಲಿರೋದು ಸರಾಸರಿ, ಗಡುವಲ್ಲ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ 816 ಮಕ್ಕಳನ್ನು ಹಿಂಬಾಲಿಸಿ 2006ರಲ್ಲಿ ಪ್ರಕಟಿಸಿದ ಅಂಕಿಗಳಲ್ಲಿ, ತಾನಾಗಿ ನಡೆಯೋದು ಶುರುವಾಗುವ ಸಹಜ ಅವಧಿ 8.2 ತಿಂಗಳಿಂದ 17.6 ತಿಂಗಳು. ಹೆಚ್ಚುಕಡಿಮೆ ಒಂಬತ್ತೂವರೆ ತಿಂಗಳ ಅಂತರ! ಅದೇ ಅಧ್ಯಯನದಲ್ಲಿ ಶೇ. 4.3 ಮಕ್ಕಳು ಕೈ-ಮೊಣಕಾಲೂರಿ ಅಂಬೆಗಾಲು ಇಡಲೇ ಇಲ್ಲ. ಅವರೆಲ್ಲ ಆರೋಗ್ಯವಂತ ಮಕ್ಕಳೇ. ಒಂದು ಕಡೆಯ ಕೈಕಾಲು ಮಾತ್ರ ಬಳಸ್ತಿದ್ರೆ, ಅಥವಾ ಮೊದಲು ಮಾಡ್ತಿದ್ದದ್ದನ್ನ ಬಿಟ್ಟುಬಿಟ್ರೆ ವೈದ್ಯರಿಗೆ ತೋರಿಸಿ. ಕುಂಡೆ ಜಾರಿಸೋದೊಂದೇ ಆದ್ರೆ ನಾನಂತೂ ನಿದ್ದೆ ಕೆಡಿಸಿಕೊಳ್ಳಲ್ಲ.

ನಡೆಯೋಕೆ ಶುರುಮಾಡಿದ ಮೇಲೆ ಎಣಿಸಿ ನೋಡಿ. ಕ್ಯಾರೆನ್ ಅಡಾಲ್ಫ್ ತಂಡ 12ರಿಂದ 19 ತಿಂಗಳ ಮಕ್ಕಳ ಆಟವನ್ನ ವಿಡಿಯೊ ಮಾಡಿ ಎಣಿಸಿತ್ತು: ಗಂಟೆಗೆ ಸರಾಸರಿ 2,368 ಹೆಜ್ಜೆ, 17 ಸಲ ಬೀಳೋದು.

ನಿದ್ದೆಗೆಟ್ಟ ತಾಯಿ:
17 ಸಲನಾ. ಒಳ್ಳೇದಾಯ್ತು, ಮೇಜಿನ ಮೂಲೆಗೆಲ್ಲ ಸ್ಪಂಜು ಹಚ್ಚಿಡ್ತೀನಿ. ಥ್ಯಾಂಕ್ಸ್ ಕಣಮ್ಮಾ.

ಅಡ್ಡಪ್ರಶ್ನೆ:
ಎಲ್ಲಾ ಸರಿ, ನನ್ನದೊಂದು ಹಳೇ ತಕರಾರು. ಮಕ್ಕಳ ಯೋಚನೆ ಹೇಗೆ ಬೆಳೆಯುತ್ತೆ ಅಂತ ಸಿದ್ಧಾಂತ ಹೇಳಿದ ಪಿಯಾಜೆ ಅಂತ ಇಡೀ ಅಧ್ಯಾಯ ಓದಿಸ್ತಾರೆ. ಆ ಮಹಾನುಭಾವ ತನ್ನ ಮೂರು ಮಕ್ಕಳನ್ನ ನೋಡ್ಕೊಂಡು ಜಗತ್ತಿನ ಕೂಸುಗಳ ಬಗ್ಗೆ ಸಿದ್ಧಾಂತ ಕಟ್ಟಿದ. ಇದು ವಿಜ್ಞಾನನಾ? ನಮ್ಮ ಚಿಕ್ಕಪ್ಪನೂ ತಮ್ಮ ಮಕ್ಕಳನ್ನ ನೋಡಿ ಸಿದ್ಧಾಂತ ಹೇಳ್ತಾರೆ.

ಚಾಕ್‌ಪುಡಿ:
ನಿಮ್ಮ ಚಿಕ್ಕಪ್ಪ ದಿನಾಂಕ ಹಾಕಿ ಬರೆದಿಟ್ಟಿದ್ದಾರೆಯೇ? ಇನ್ನೊಬ್ಬರು ಮಾಡಿ ಸುಳ್ಳೆಂದು ತೋರಿಸಬಹುದಾದ ಹಾಗೆ ಪರೀಕ್ಷೆ ಕಟ್ಟಿದ್ದಾರೆಯೇ? ಶೈಶವದ ಬಗ್ಗೆ ಪಿಯಾಜೆ ನೆಚ್ಚಿದ್ದು ಬಹುಪಾಲು ಸ್ವಂತ ಮಕ್ಕಳನ್ನೇ, ನಿಜ. ದೊಡ್ಡ ಮಕ್ಕಳ ಕೆಲಸದಲ್ಲಿ ಜಿನೀವಾದಲ್ಲಿ ಬಹಳ ಮಕ್ಕಳಿದ್ದರು. ಆತನ ದೊಡ್ಡ ಕೊಡುಗೆ ಮಗುವಿನ ತಪ್ಪು ಉತ್ತರವನ್ನು ಗಂಭೀರವಾಗಿ ತೆಗೆದುಕೊಂಡದ್ದು.

ಆದರೆ ಆತನ ವಿಧಾನದಲ್ಲಿ ಬಿರುಕಿತ್ತು, ಅದನ್ನು ಕಂಡುಹಿಡಿದ ಬಗೆ ಬಲು ಚೆಂದ. ಎರಡು ಸಾಲು ಬಿಲ್ಲೆ, ಎರಡರಲ್ಲೂ ಸಮ ಸಂಖ್ಯೆ. "ಎರಡೂ ಸಮವೇ?" ಮಗು ಹೌದು ಅನ್ನುತ್ತದೆ. ದೊಡ್ಡವರು ಒಂದು ಸಾಲನ್ನು ಅಗಲ ಮಾಡಿ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಾರೆ. ಐದು ವರ್ಷದ ಮಗು "ಇದರಲ್ಲಿ ಜಾಸ್ತಿ" ಅನ್ನುತ್ತದೆ. ಸಂಖ್ಯೆಯ ಸಂರಕ್ಷಣೆ, ಅಂದರೆ ಜೋಡಣೆ ಬದಲಾದರೂ ಸಂಖ್ಯೆ ಬದಲಾಗದು ಎಂಬ ತಿಳಿವು, ಇನ್ನೂ ಬಂದಿಲ್ಲ ಎಂದು ಪಿಯಾಜೆ. 1974ರಲ್ಲಿ ಮ್ಯಾಕ್‌ಗ್ಯಾರಿಗಲ್ ಮತ್ತು ಡೊನಾಲ್ಡ್‌ಸನ್ ಒಂದೇ ಒಂದು ಬದಲಾವಣೆ ಮಾಡಿದರು. ಸಾಲನ್ನು ದೊಡ್ಡವರು ಅಗಲ ಮಾಡಲಿಲ್ಲ, ತುಂಟ ಕರಡಿ ಬೊಂಬೆ ನುಗ್ಗಿ ಬಂದು "ಹಾಳುಮಾಡಿತು". ಈಗ 4ರಿಂದ 6 ವರ್ಷದ ಮಕ್ಕಳಲ್ಲಿ ಹೆಚ್ಚಿನವರು "ಸಮ" ಎಂದೇ ಹೇಳಿದರು. ಮೊದಲಿನ ರೀತಿಯಲ್ಲಿ ಯಾಕೆ ತಪ್ಪಿದರು? ದೊಡ್ಡವರು ಬೇಕೆಂದೇ ಏನೋ ಮಾಡಿ ಅದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದರೆ, ಮೊದಲಿನ ಉತ್ತರ ಸರಿಯಿಲ್ಲ ಎಂದೇ ಮಗುವಿಗೆ ಅನಿಸುತ್ತದೆ. ತರಗತಿಯಲ್ಲಿ ನಾನು "ಹೌದಾ? ಇನ್ನೊಂದು ಸಲ ಯೋಚಿಸು" ಅಂದಾಗಲೆಲ್ಲ ಇಪ್ಪತ್ತು ವರ್ಷದ ಹುಡುಗರೂ ಉತ್ತರ ಬದಲಿಸುತ್ತಿದ್ದರು.

ಕಣ್ಣೋಟ:
ಕೂಸುಗಳ ವಿಷಯದಲ್ಲಿ ಇದು ಇನ್ನೂ ಕಷ್ಟ, ಅವು ಬಾಯೇ ಬಿಡಲ್ಲ. ನಾನು ಒಂದು ಶಿಶು ಪ್ರಯೋಗಾಲಯದಲ್ಲಿ ಎರಡು ವರ್ಷ ಸಹಾಯಕಿಯಾಗಿದ್ದೆ. ಪಿಯಾಜೆ ಪ್ರಕಾರ ಬಟ್ಟೆಯಡಿ ಮುಚ್ಚಿಟ್ಟ ಆಟಿಕೆಯನ್ನ ಮಗು 8 ತಿಂಗಳ ಸುಮಾರಿಗೆ ಹುಡುಕೋಕೆ ಶುರುಮಾಡುತ್ತೆ, ಅದಕ್ಕೂ ಮುಂಚೆ ಕಣ್ಮರೆಯಾದದ್ದು ಅದಕ್ಕೆ ಇಲ್ಲವೇ ಇಲ್ಲ. ಆದರೆ ಹುಡುಕೋಕೆ ಕೈ ಚಾಚಬೇಕು, ಬಟ್ಟೆ ಎಳೀಬೇಕು. ಗೊತ್ತಿದ್ದೂ ಕೈ ಸಾಗದೇ ಇರಬಹುದಲ್ಲ? ಅದಕ್ಕೇ ಬೈಯಾರ್ಜಾನ್, ಸ್ಪೆಲ್ಕಿ, ವಾಸರ್‌ಮನ್ 1985ರಲ್ಲಿ ಕೈ ಬಿಟ್ಟು ಕಣ್ಣು ಹಿಡಿದರು. 5 ತಿಂಗಳ ಮಗುವಿನ ಮುಂದೆ ಒಂದು ಪರದೆ ಹಿಂದಕ್ಕೆ ಮಗುಚಿಕೊಳ್ಳುತ್ತೆ, ಅದರ ಹಿಂದೆ ಪೆಟ್ಟಿಗೆ ಇದೆ. ಪರದೆ ಪೆಟ್ಟಿಗೆಗೆ ತಾಗಿ ನಿಂತರೆ ಸರಿ. ಪೆಟ್ಟಿಗೆ ಇಲ್ಲವೇನೋ ಅನ್ನೋ ಹಾಗೆ ಪೂರ್ತಿ 180 ಡಿಗ್ರಿ ಮಗುಚಿದರೆ ಮಕ್ಕಳು ಹೆಚ್ಚು ಹೊತ್ತು ನೋಡಿದವು. ಕಾಣದ ಪೆಟ್ಟಿಗೆ ಅಲ್ಲಿದೆ ಅಂತ ಅವಕ್ಕೆ ಗೊತ್ತು ಅಂತ ತೀರ್ಮಾನ.

ಓದೋಕೆ ಎಷ್ಟು ಚೊಕ್ಕ! ನಮ್ಮ ಒಂದು ಬೆಳಿಗ್ಗೆ ಹೇಳ್ತೀನಿ. ಐದು ಮಕ್ಕಳು ಬಂದ್ರು. ಒಂದು ಲೈಟ್ ಆರಿಸಿದ ತಕ್ಷಣ ನಿದ್ದೆ. ಒಂದಕ್ಕೆ ಪರದೆಗಿಂತ ತನ್ನ ಕಾಲ್ಚೀಲ ಇಷ್ಟ. ಒಂದು ಮೂರನೇ ಟ್ರಯಲ್‌ಗೆ ಕಿರುಚಿ ಅತ್ತು ಆಚೆ ಹೋಯ್ತು. ಉಳಿದದ್ದು ಎರಡು. ಅಮ್ಮಂದಿರು ಮಗುವನ್ನ ತೊಡೆ ಮೇಲೆ ಕೂರಿಸಿಕೊಂಡಿರ್ತಾರೆ, ಅವರಿಗೆ ಕಪ್ಪು ಕನ್ನಡಕ ಹಾಕ್ತೀವಿ. ಅವರಿಗೆ ಪರದೆ ಕಂಡು ಉಸಿರು ಬಿಗಿಹಿಡಿದರೆ ಮಗುವಿಗೆ ಗೊತ್ತಾಗಿಬಿಡುತ್ತೆ. ಆಮೇಲೆ ವಿಡಿಯೊ. ಯಾವ ಟ್ರಯಲ್ ಅಂತ ಗೊತ್ತಿಲ್ಲದ ಇಬ್ಬರು ಬೇರೆ ಬೇರೆ ಕೂತು ಫ್ರೇಮ್ ಫ್ರೇಮ್ ನೋಡಿ "ನೋಡ್ತಿದೆ, ನೋಡ್ತಿಲ್ಲ" ಅಂತ ಗುರುತು ಹಾಕ್ತೀವಿ, ಇಬ್ಬರದೂ ಎಷ್ಟು ಹೊಂದುತ್ತೆ ಅಂತ ಲೆಕ್ಕ ಹಾಕ್ತೀವಿ. ಕಣ್ಣು ರೆಪ್ಪೆ ಹೊಡೆದದ್ದಾ ಮುಚ್ಚಿದ್ದಾ ಅಂತ ನಾನೂ ನನ್ನ ಗೆಳತಿಯೂ ಅರ್ಧ ಗಂಟೆ ಜಗಳ ಆಡಿದ್ದಿದೆ.

ಇಷ್ಟಾದ ಮೇಲೂ ಕೈಯಲ್ಲಿರೋದು ಸೆಕೆಂಡುಗಳು. ಹೆಚ್ಚು ಹೊತ್ತು ನೋಡೋದು ಅಂದ್ರೆ ಅಚ್ಚರಿಯಾ, ಇಷ್ಟನಾ, ಬರೀ ಹೆಚ್ಚು ಚಲನೆ ಇತ್ತು ಅಂತನಾ? ಈ ಜಗಳ ಇವತ್ತಿಗೂ ತೀರಿಲ್ಲ.

ಅಡ್ಡಪ್ರಶ್ನೆ:
ನಿಮ್ಮ ಐದರಲ್ಲಿ ಎರಡು ಅನ್ನೋದೇ ನನ್ನ ಮುಂದಿನ ತಕರಾರು. ಉಳಿಯೋವು ಸಾಧು ಮಕ್ಕಳು. ಪ್ರಯೋಗಾಲಯಕ್ಕೆ ಬರೋವು ಪುರುಸೊತ್ತಿರೋ, ಓದಿದ ತಂದೆತಾಯಿಯ ಮಕ್ಕಳು. ಪಾಶ್ಚಾತ್ಯ, ವಿದ್ಯಾವಂತ, ಶ್ರೀಮಂತ ಸಮಾಜಗಳ ಜನರನ್ನೇ ಅಳೆದು "ಮನುಷ್ಯ" ಅಂತ ಬರೀತೀರಿ ಅಂತ ಹೆನ್ರಿಕ್ ಮತ್ತವರ ಜೊತೆಯವರು 2010ರಲ್ಲೇ ಹೇಳಿದ್ದಾರೆ.

ಕಣ್ಣೋಟ:
ಒಪ್ಪಿದೆ. ಬೇರೆ ಉತ್ತರ ಇಲ್ಲ ನನ್ನ ಹತ್ರ.

ಸರಾಸರಿ ಮನುಷ್ಯ:
ಬೆಂಚು ಅವರ ಸ್ಟಿಕರಿಗೆ ವಾಪಸ್ ಬರೋಣ, ಅವರ ವಾರ ಮುಗೀತಾ ಬಂತು. ಇದು ಮನೋವಿಜ್ಞಾನಿ ವಾಲ್ಟರ್ ಮಿಶೆಲ್ ಅವರ ಮಾರ್ಷ್‌ಮ್ಯಾಲೊ ಪ್ರಯೋಗದ ಮರಿ ಅಂತ ನಿಮಗೂ ಗೊತ್ತು, ಅಲ್ಲಿ ಸ್ಟಿಕರ್ ಬದಲು ಮೆತ್ತನೆ ಸಿಹಿ. ಚಿಕ್ಕಂದಿನಲ್ಲಿ ಕಾದವರು ದೊಡ್ಡವರಾದಾಗ ಓದಿನಲ್ಲಿ ಮುಂದು ಅಂತ 1990ರ ಮುಂದುವರಿಕೆ ಅಧ್ಯಯನ ಹೇಳಿತು, ಊರೆಲ್ಲ ಹಬ್ಬಿತು. 2018ರಲ್ಲಿ ವಾಟ್ಸ್, ಡಂಕನ್, ಕ್ವಾನ್ 900ಕ್ಕೂ ಹೆಚ್ಚು ಮಕ್ಕಳ ಮೇಲೆ ನೋಡಿದಾಗ 15ನೇ ವಯಸ್ಸಿನ ಕಲಿಕೆಯ ಜೊತೆಗಿನ ಸಂಬಂಧ ಹಳೆಯದರ ಅರ್ಧದಷ್ಟಿತ್ತು. ಮನೆಯ ಹಿನ್ನೆಲೆ, ಮೊದಲೇ ಇದ್ದ ಬೌದ್ಧಿಕ ಸಾಮರ್ಥ್ಯ ಇವನ್ನೆಲ್ಲ ಲೆಕ್ಕಕ್ಕೆ ತಂದಾಗ ಅದರಲ್ಲೂ ಮೂರನೇ ಎರಡು ಭಾಗ ಕರಗಿತು. ಸಹಸಂಬಂಧ (ಎರಡು ಸಂಗತಿ ಜೊತೆಜೊತೆಗೆ ಬದಲಾಗೋದು) ಸಿಕ್ಕಿತು ಅಂತ ಕಾರಣ ಸಿಗಲ್ಲ. ಪಾದ ದೊಡ್ಡದಿರೋ ಮಕ್ಕಳು ಚೆನ್ನಾಗಿ ಓದ್ತಾರೆ, ಯಾಕಂದ್ರೆ ಅವರು ದೊಡ್ಡ ಮಕ್ಕಳು.

ನನಗೆ ಇದಕ್ಕಿಂತ ಇಷ್ಟವಾದದ್ದು ಕಿಡ್, ಪಾಲ್ಮೆರಿ, ಆಸ್ಲಿನ್ ಅವರ 2013ರ ಸಣ್ಣ ಪ್ರಯೋಗ. 28 ಮಕ್ಕಳು, 3ರಿಂದ 5 ವರ್ಷ. ಮೊದಲು ಚಿತ್ರ ಬಿಡಿಸೋಕೆ ಕೂರಿಸಿ, "ಕಾದರೆ ಇದಕ್ಕಿಂತ ಒಳ್ಳೇ ಬಣ್ಣ ತರ್ತೀನಿ" ಅಂತ ಹೇಳಿ ಹೋಗ್ತಾರೆ. ಅರ್ಧ ಮಕ್ಕಳಿಗೆ ತಂದುಕೊಟ್ರು. ಉಳಿದರ್ಧಕ್ಕೆ "ಕ್ಷಮಿಸು, ಇಲ್ಲವಂತೆ" ಅಂದ್ರು. ಸ್ಟಿಕರ್ ವಿಷಯದಲ್ಲೂ ಹಾಗೇ. ಆಮೇಲೆ ಮಾರ್ಷ್‌ಮ್ಯಾಲೊ. ಮಾತು ಉಳಿಸಿಕೊಂಡವರ ಮುಂದೆ ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಮುಂದೆ 3 ನಿಮಿಷ. ಯಾವ ಮಗು ಯಾವ ಗುಂಪಿಗೆ ಅನ್ನೋದನ್ನ ಚೀಟಿ ಎತ್ತಿದ ಹಾಗೆ ಹಂಚಿದ್ರಿಂದ ಇಲ್ಲಿ "ಕಾರಣ" ಅನ್ನೋ ಪದ ಬಳಸೋ ಹಕ್ಕಿದೆ. ನಿಮಗೆ ವಯಸ್ಸನ್ನು ಹಾಗೆ ಹಂಚೋಕೆ ಆಗಲ್ಲ. "ನೀನು ಇವತ್ತು 8 ವರ್ಷದವನಾಗು" ಅನ್ನೋಕಾಗುತ್ತಾ?

ಚಾಕ್‌ಪುಡಿ:
ಇದಕ್ಕೆ ಸೇರಿಸಿ ಹೇಳುವುದಾದರೆ, ಹಂಚುವುದಕ್ಕೆ ಕೈಯಲ್ಲಿ ಆಗುವುದನ್ನೆಲ್ಲ ಹಂಚಬಾರದು. 1920ರಲ್ಲಿ ವ್ಯಾಟ್ಸನ್, ರೇಯ್ನರ್ ಒಂದು ವರ್ಷವೂ ತುಂಬದ ಕೂಸಿಗೆ ಬಿಳಿ ಇಲಿ ಕಂಡರೆ ಭಯ ಹುಟ್ಟುವ ಹಾಗೆ ಮಾಡಿದರು, ಆ ಭಯವನ್ನು ತೆಗೆಯದೆ ಬಿಟ್ಟರು. ಇನ್ನೊಂದು ಕಡೆ ರೊಮೇನಿಯಾದ ಅನಾಥಾಲಯಗಳ 136 ಮಕ್ಕಳ ಅಧ್ಯಯನವಿದೆ. ಅರ್ಧ ಮಕ್ಕಳನ್ನು ಲಾಟರಿಯಂತೆ ಆರಿಸಿ ಪೋಷಕ ಕುಟುಂಬಗಳಿಗೆ, ಅಂದರೆ ಅವರನ್ನು ಸಾಕುವ ಬೇರೆ ಮನೆಗಳಿಗೆ, ಕಳಿಸಿದರು. ಉಳಿದ ಅರ್ಧ? ಎಂದು ನನ್ನ ವಿದ್ಯಾರ್ಥಿಗಳು ಪ್ರತಿವರ್ಷ ಕೇಳುತ್ತಿದ್ದರು. ಆಗ ಆ ದೇಶದಲ್ಲಿ ಪೋಷಕ ಕುಟುಂಬ ವ್ಯವಸ್ಥೆ ಹೆಸರಿಗಷ್ಟೇ ಇತ್ತು, ಅಧ್ಯಯನದವರೇ ಕಟ್ಟಿದರು. ಉಳಿದವರಿಗೆ ಬೇರೆ ಮನೆ ಸಿಕ್ಕರೆ ತಡೆಯಲಿಲ್ಲ. ಸುಮಾರು ಎರಡು ವರ್ಷದೊಳಗೆ ಕುಟುಂಬ ಸೇರಿದವರು ಹಲವು ವಿಷಯಗಳಲ್ಲಿ ಹೆಚ್ಚು ಚೇತರಿಸಿಕೊಂಡರು. ಸೂಕ್ಷ್ಮ ಅವಧಿ (ಅನುಭವದ ಪ್ರಭಾವ ಹೆಚ್ಚು ಆಳವಾಗಿ ತಟ್ಟುವ ವಯಸ್ಸು) ಎಂದು ನೋಟ್ಸಿನಲ್ಲಿ ಇರುತ್ತದಲ್ಲ, ಅದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷ್ಯ ಕಡಿಮೆ. ಆದರೂ ಆ ಪ್ರಶ್ನೆಗೆ ನನ್ನ ಉತ್ತರ ನನಗೇ ಪೂರ್ತಿ ಸಮಾಧಾನ ಕೊಟ್ಟಿಲ್ಲ.

ನಿಮ್ಮದು ಸ್ಟಿಕರ್ ಅಷ್ಟೇ. ಆದರೂ ತಂದೆತಾಯಿಯ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ, ಮಗುವನ್ನೂ ಕೇಳಿ. "ಬೇಡ" ಅಂದರೆ ಬೇಡ. ಕಾಯದೆ ಇದ್ದವರಿಗೂ ಹೋಗುವಾಗ ಎರಡು ಸ್ಟಿಕರ್ ಕೊಟ್ಟು ಕಳಿಸಿ.

ಮೂರನೇ ಬೆಂಚು:
ಬದಲಿಸಿದೆ. ಪ್ರಾಕ್ಕಲ್ಪನೆ ಈಗ ಹೀಗಿದೆ: "4, 6, 8 ವರ್ಷದ ಗುಂಪುಗಳ ನಡುವೆ ಕಾಯುವ ಅವಧಿಯಲ್ಲಿ ವ್ಯತ್ಯಾಸವಿದೆ." ಕಾರಣ ಅನ್ನೋ ಪದ ತೆಗೆದೆ. ಜೊತೆಗೆ ಕಾಯುವಾಗ ಮಗು ಏನು ಮಾಡುತ್ತೆ ಅನ್ನೋದನ್ನೂ ಗುರುತು ಹಾಕ್ತೀನಿ: ಸ್ಟಿಕರನ್ನೇ ದಿಟ್ಟಿಸುತ್ತಾ, ಬೇರೆ ಕಡೆ ತಿರುಗುತ್ತಾ, ಹಾಡಿಕೊಳ್ಳುತ್ತಾ. ದೊಡ್ಡವರು ಗಮನ ಬೇರೆಡೆ ತಿರುಗಿಸೋ ಉಪಾಯ ಕಲಿತಿದ್ದರೆ ಅದೇ ವ್ಯತ್ಯಾಸದ ಒಂದು ಎಳೆ ಇರಬಹುದು ಅಂತ. ಸರೀನಾ?

ಚಾಕ್‌ಪುಡಿ:
ಈಗ ಕೆಂಪು ಶಾಯಿ ಬೀಳುವುದಾದರೆ ಕಾಗುಣಿತಕ್ಕೆ ಮಾತ್ರ.

ಕಣ್ಣೋಟ:
ಗುರುತು ಹಾಕೋಕೆ ಇನ್ನೊಬ್ಬರನ್ನೂ ಕೂರಿಸಿಕೊಳ್ಳಿ, ಅವರಿಗೆ ನಿಮ್ಮ ಊಹೆ ಹೇಳಬೇಡಿ. ಮೊದಲು ಒಂದೆರಡು ಮಕ್ಕಳ ಮೇಲೆ ಪೈಲಟ್, ಅಂದ್ರೆ ಸಣ್ಣ ತಾಲೀಮು ಮಾಡಿ.

ಮೂರನೇ ಬೆಂಚು:
ಪೈಲಟ್ ಮಾಡಿ ಬಂದೆ. ಪಕ್ಕದ ಮನೆ ಹುಡುಗ, 4 ವರ್ಷ, ಅವರಮ್ಮನ ಒಪ್ಪಿಗೆ ತಗೊಂಡೇ. ಎಲ್ಲಾ ವಿವರಿಸಿ ಎದ್ದು ಬಾಗಿಲ ಹತ್ರ ಹೋದೆ. "ಹೋದ್ಸಲ ಬಲೂನ್ ತರ್ತೀನಿ ಅಂದಿದ್ರಿ, ತರ್ಲೇ ಇಲ್ಲ" ಅಂದ. ನಿಜ, ನನಗೆ ಮರೆತೇಹೋಗಿತ್ತು. ನಾನು ಹೊಸ್ತಿಲು ದಾಟಿದ್ದೇ ತಡ ಸ್ಟಿಕರ್ ಅವನ ಹಣೆ ಮೇಲಿತ್ತು.

ಸರಾಸರಿ ಮನುಷ್ಯ:
ಎಷ್ಟು ಸೆಕೆಂಡ್?

ಮೂರನೇ ಬೆಂಚು:
11.

ಸರಾಸರಿ ಮನುಷ್ಯ:
ಗೊತ್ತಿರೋ ಮಕ್ಕಳನ್ನ ಸೇರಿಸಬೇಡಿ. ಬಲೂನ್ ಕೊಟ್ಟು ಬನ್ನಿ.